ಮೃಗಶಿರಾ ಮಳೆಗೆ ಮುನ್ನ ನಮ್ಮ ಓಲೆಗರಿ ಭಂಡಾರಕ್ಕೊಂದು ಭದ್ರ ಮಾಳಿಗೆ: ದೇಣಿಗೆ ಮನವಿ

ಭಂಡಾರದ ದಾನಿಗಳಿಗೆ, ಹಿತೈಷಿಗಳಿಗೆ, ಊರು ಬಿಟ್ಟು ಹುಬ್ಬಳ್ಳಿ, ಪುಣೆ, ಬೆಂಗಳೂರು ಸೇರಿರುವ ನಮ್ಮೂರ ಮಕ್ಕಳಿಗೆ ಶರಣು ಶರಣಾರ್ಥಿಗಳು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ನಮ್ಮ ರೈತರು. ಈ ಸಲ ಹೊಲಕ್ಕೆ ಒಲಿದ ಅದೇ ಮಳೆ ಭಂಡಾರದ ಮೇಲೆ ಮುನಿಯಿತು. ರಾತ್ರಿ ಹನ್ನೊಂದರ ಸುಮಾರಿಗೆ ಮೂಡಣ ಮೂಲೆಯ ಎರಡು ಜಂತಿಗಳು ಮುರಿದು, ಮಾಳಿಗೆಯ ಸವಳು ಮಣ್ಣು ಕೆಸರಾಗಿ ಒಳಗೆ ಸುರಿಯಿತು. ಭಂಡಾರ ಕಾಯುವ ಅಜ್ಜನವರು ಎಂದಿನಂತೆ ಪಡಸಾಲೆಯಲ್ಲಿ ಮಲಗಿದ್ದರು. ಎಂಬತ್ತರ ಹತ್ತಿರದ ಜೀವ. ಹೊದ್ದ ಕಂಬಳಿಯನ್ನೇ ತೆಗೆದು ಪೆಟ್ಟಿಗೆಗಳ ಮೇಲೆ ಹಾಸಿ, ತಾವು ನೆನೆಯುತ್ತ ಬೆಳಗಿನವರೆಗೂ ಅಲ್ಲೇ ನಿಂತಿದ್ದರು. ನಾವು ಹೋದಾಗ ಅವರು ಆಡಿದ್ದು ಒಂದೇ ಮಾತು: "ಮೊದಲು ಮೂಲೆಯ ಪೆಟ್ಟಿಗೆ ನೋಡಿರಿ."

ಮೂಲೆಯ ಪೆಟ್ಟಿಗೆಯಲ್ಲಿದ್ದ ಹದಿನೇಳು ಕಟ್ಟುಗಳು ನೀರು ಕುಡಿದಿದ್ದವು. ಬಿಸಿಲಿಗೆ ಇಟ್ಟರೆ ಗರಿ ಸುರುಳಿಯಾಗಿ ಸೀಳುತ್ತದೆ. ಆದ್ದರಿಂದ ದಾರ ಬಿಚ್ಚಿ, ಒಂದೊಂದೇ ಗರಿಯನ್ನು ಬಿಳಿ ಬಟ್ಟೆಯ ಮೇಲೆ ನೆರಳಿನಲ್ಲಿ ಹರವಿದೆವು. ಓಣಿಯ ಹೆಣ್ಣುಮಕ್ಕಳು ಮನೆಗೆಲಸ ಬಿಟ್ಟು ಬಂದು ಮೂರು ದಿನ ಕುಳಿತು ಗರಿ ಬಿಡಿಸಿಕೊಟ್ಟರು. ಹದಿಮೂರು ಕಟ್ಟು ಉಳಿದವು. ಮಿಕ್ಕ ನಾಲ್ಕರ ಗರಿಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿವೆ. ಅವುಗಳಲ್ಲಿ ಏನು ಬರೆದಿತ್ತು ಎಂಬುದರ ಪೂರ್ಣ ನಕಲು ನಮ್ಮಲ್ಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ.

ಕಂಬಳಿ ಎಂದೊಡನೆ ನಿಮಗೆಲ್ಲ 1948 ನೆನಪಾಗಿರುತ್ತದೆ. ನಿಜಾಮನ ಪರ ನಿಂತ ಶಸ್ತ್ರಧಾರಿ ರಜಾಕಾರರ ಹಾವಳಿಗೆ ನಿಜಾಮ ಸೀಮೆಯ ಹಳ್ಳಿಗಳು ಖಾಲಿಯಾಗಿ, ಜನರು ಗಡಿ ದಾಟಿ ಈ ಕಡೆ ಬರುತ್ತಿದ್ದ ಕಾಲ. ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರವಿತ್ತು. ಯಲಬುರ್ಗಾ ಕಡೆಯ ಒಂದು ಕುಟುಂಬ ಹಗೇವಿನ (ನೆಲದೊಳಗಿನ ಕಣಜದ) ಜೋಳವನ್ನು ಹಗೇವಿನಲ್ಲೇ ಬಿಟ್ಟು, ಚಕ್ಕಡಿಯಲ್ಲಿ ಇಬ್ಬರು ಮಕ್ಕಳನ್ನು, ಒಬ್ಬ ಮುದುಕಿಯನ್ನು, ಕಂಬಳಿಯಲ್ಲಿ ಸುತ್ತಿದ ನಲವತ್ತು ಓಲೆಗರಿ ಕಟ್ಟುಗಳನ್ನು ಹೇರಿಕೊಂಡು ರಾತ್ರೋರಾತ್ರಿ ನಮ್ಮೂರ ಮಠಕ್ಕೆ ಬಂದಿತು. ಜೋಳ ಮತ್ತೆ ಬೆಳೆಯಬಹುದು, ಇದು ಬೆಳೆಯುವುದಿಲ್ಲ ಎಂದಳಂತೆ ಆ ಮುದುಕಿ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದು ಅವರು ಊರಿಗೆ ಮರಳುವಾಗ ಕಟ್ಟುಗಳನ್ನು ಮಠಕ್ಕೇ ಒಪ್ಪಿಸಿದರು. ಆ ನಲವತ್ತು ಇಂದು ಮುನ್ನೂರು ದಾಟಿವೆ. ಜೊತೆಗೆ ಆರು ತಾಮ್ರಪಟಗಳು, ಹೊಲದಲ್ಲಿ ಸಿಕ್ಕ ವೀರಗಲ್ಲುಗಳು ಇವೆ. ಧಾರವಾಡದಿಂದ ಸಂಶೋಧಕರು ಬಂದು ನಮ್ಮ ಪಡಸಾಲೆಯಲ್ಲೇ ಉಂಡು ಮಲಗಿ ಓದಿಕೊಂಡು ಹೋಗಿದ್ದಾರೆ. ನಮ್ಮ ಶಾಲೆಯ ಮಕ್ಕಳು ಮೋಡಿ ಅಕ್ಷರ ಓದುತ್ತಾರೆ. ಇಷ್ಟು ಹೇಳಿಕೊಳ್ಳುವುದು ಹೆಚ್ಚಾಯಿತೇನೋ. ಆದರೆ ಒಂದು ರೂಪಾಯಿ ಸರ್ಕಾರಿ ಅನುದಾನವಿಲ್ಲದೆ ನೀವು ಮಾಡಿದ ಕೆಲಸ ಇದು.

ಭದ್ರ ಕೋಣೆಯ ಮಾತು ಮಳೆಯಿಂದ ಹುಟ್ಟಿದ್ದಲ್ಲ. 2025ರ ಮೇ 7ರಂದು ದೇಶದ ಅನೇಕ ಕಡೆ ಸೈರನ್ ಕೂಗಿಸಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದಾಗ, ಟಿವಿ ಮುಂದೆ ಕುಳಿತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಂಥ ಹೊತ್ತು ಬಂದರೆ ಯಾವ ಪೆಟ್ಟಿಗೆ ಮೊದಲು ಎತ್ತಬೇಕು? ಎಲ್ಲಿಗೆ ಒಯ್ಯಬೇಕು? ಬೀಗದ ಕೈ ಯಾರ ಬಳಿ ಇದೆ? ಯಾರಿಗೂ ಉತ್ತರ ಗೊತ್ತಿರಲಿಲ್ಲ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದವರು 1939ರ ಆಗಸ್ಟ್ 25ರಂದು ದುರಸ್ತಿಯ ನೆಪ ಹೇಳಿ ಬಾಗಿಲು ಹಾಕಿ, ಚಿತ್ರಗಳನ್ನು ಪೆಟ್ಟಿಗೆಗೆ ತುಂಬಿ ಹಳ್ಳಿಗಾಡಿನ ಕೋಟೆಮನೆಗಳಿಗೆ ಸಾಗಿಸತೊಡಗಿದರು. ಫ್ರಾನ್ಸ್ ಯುದ್ಧ ಸಾರಿದ್ದು ಸೆಪ್ಟೆಂಬರ್ 3ರಂದು. ತಾಜಮಹಲಿನ ಗುಮ್ಮಟಕ್ಕೆ 1942ರಲ್ಲಿ ಬಿದಿರಿನ ಸಾರವೆ ಕಟ್ಟಿದ್ದರು, 1971ರಲ್ಲಿ ಬಟ್ಟೆ ಹೊದಿಸಿ ಮರೆಮಾಡಿದ್ದರು. ಆಫ್ರಿಕದ ಟಿಂಬಕ್ಟುವಿನ ಕಥೆಯಂತೂ ನಮ್ಮದೇ ಅನ್ನಿಸುತ್ತದೆ. 2012ರಲ್ಲಿ ಉಗ್ರರು ಊರು ಹಿಡಿದಾಗ ಗ್ರಂಥಪಾಲಕರು, ಮನೆಮನೆಯವರು ಹಸ್ತಪ್ರತಿಗಳನ್ನು ತಗಡಿನ ಟ್ರಂಕುಗಳಲ್ಲಿ ತುಂಬಿ, ಜೀಪಿನಲ್ಲಿ, ದೋಣಿಯಲ್ಲಿ ಕದ್ದು ಸಾಗಿಸಿ ರಾಜಧಾನಿ ಬಮಾಕೊ ಮುಟ್ಟಿಸಿದರು. ಉಗ್ರರು ಓಡುವ ಮುನ್ನ ಬೆಂಕಿ ಇಟ್ಟಾಗ ಸಿಕ್ಕಿದ್ದು ಉಳಿದಿದ್ದ ಸ್ವಲ್ಪ ಭಾಗ.

ನಮ್ಮ ನೆಲಕ್ಕೆ ಇದು ಹೊಸದಲ್ಲ. ಚೋಳರ ದಂಡು ಗದಗ, ಅಣ್ಣಿಗೇರಿ ಸೀಮೆಯ ಅಂದಿನ ಬೆಳ್ವೊಲ ನಾಡಿಗೆ ನುಗ್ಗಿ ಬಸದಿಗಳನ್ನು ಸುಟ್ಟಿದ್ದನ್ನೂ, ಅಣ್ಣಿಗೇರಿಯ ಬಸದಿಯನ್ನು ಚಾಲುಕ್ಯರ ಅಧಿಕಾರಿ ಲಕ್ಷ್ಮರಸ ಜೀರ್ಣೋದ್ಧಾರ ಮಾಡಿಸಿದ್ದನ್ನೂ ಗಾವರವಾಡದ ಶಾಸನವೇ ಹೇಳುತ್ತದೆ. ಕಲ್ಯಾಣದಲ್ಲಿ ಕೋಲಾಹಲವೆದ್ದಾಗ ಚನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದೂ, ಬೆನ್ನಟ್ಟಿದ ಸೈನ್ಯವನ್ನು ಮಡಿವಾಳ ಮಾಚಿದೇವರು ತಡೆದರೆಂದೂ ನಾವು ಪುರಾಣದಲ್ಲಿ ಕೇಳುತ್ತ ಬೆಳೆದವರು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದಳು. ಒಂದು ಕಡೆ ಸುಟ್ಟರೂ ಇನ್ನೊಂದು ಕಡೆ ಉಳಿಯುವ ಏರ್ಪಾಡು ಅದು. ನಾವಾದರೋ ಇಷ್ಟೆಲ್ಲ ಮಾತಾಡುತ್ತ ಒಂದು ವರ್ಷ ಕಳೆದೆವು, ಮಳೆ ಬಂತು. ಈ ತಪ್ಪು ವಿಶ್ವಸ್ತರಾದ ನಮ್ಮದು. ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ.

ಈಗ ಆಗಬೇಕಾದ ಕೆಲಸ: ಮಾಳಿಗೆಯ ಮಣ್ಣು ಇಳಿಸಿ, ಹಾಳಾದ ಜಂತಿ ಬದಲಿಸಿ, ಮೇಲೆ ಶಹಾಬಾದ ಫರ್ಶಿ ಹಾಸಿ ಗಾರೆ ಹಾಕಬೇಕು. ಸಾಗವಾನಿ ತೊಲೆಗಳು ಗಟ್ಟಿಯಾಗಿವೆ, ಮುಟ್ಟುವುದು ಬೇಡ ಎಂದಿದ್ದಾರೆ ಮೇಸ್ತ್ರಿ. ಇದಕ್ಕೆ ಎಂಟರಿಂದ ಒಂಬತ್ತು ಲಕ್ಷ. ಒಳಗಿನ ಕಲ್ಲುಗೋಡೆಯ ಕೋಣೆಯ ನೆಲ ಎತ್ತರಿಸಿ, ಕಬ್ಬಿಣದ ಬಾಗಿಲು, ಕಪಾಟು, ಇಬ್ಬರು ಎತ್ತಿ ಹೊರಗೆ ತರಬಲ್ಲ ಟ್ರಂಕುಗಳನ್ನು ಮಾಡಿಸಲು ಮೂರು ಲಕ್ಷದಷ್ಟು. ಪ್ರತಿ ಗರಿಯ ಫೋಟೊ ತೆಗೆಸಿ ಮೂರು ಬೇರೆ ಬೇರೆ ಊರುಗಳಲ್ಲಿ ಇಡಲು ಇನ್ನೆರಡು ಲಕ್ಷ ಬೇಕಾದೀತು. ಊರಲ್ಲಿ ಈವರೆಗೆ ಮೂರೂವರೆ ಲಕ್ಷ ಕೂಡಿದೆ. ಅದರಲ್ಲಿ ಗರಿ ಬಿಡಿಸಿದ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಹತ್ತು ಸಾವಿರವೂ ಇದೆ.

ಜೂನ್ ಎರಡನೇ ವಾರ ಮೃಗಶಿರಾ ಹೂಡುತ್ತದೆ. ಅಷ್ಟರೊಳಗೆ ಮಾಳಿಗೆಯಾದರೂ ಮುಗಿಯಬೇಕು. ಈಗ ಮುರಿದ ಮೂಲೆಗೆ ತಾಡಪತ್ರಿ (ಟಾರ್ಪಾಲು) ಕಟ್ಟಿದ್ದೇವೆ. ಗಾಳಿ ಎದ್ದ ರಾತ್ರಿಯೆಲ್ಲ ಸರದಿಯ ಮೇಲೆ ಇಬ್ಬರು ಎಚ್ಚರವಿರುತ್ತೇವೆ. ಅಜ್ಜನವರಿಗೆ ಮನೆಗೆ ಹೋಗಿರೆಂದರೆ ಕೇಳುತ್ತಿಲ್ಲ.

ಟ್ರಸ್ಟಿನ ಬ್ಯಾಂಕ್ ಖಾತೆಯ ವಿವರ ನಿಮ್ಮ ಹಳೆಯ ರಸೀದಿಯ ಹಿಂಬದಿಯಲ್ಲಿದೆ, ಬದಲಾಗಿಲ್ಲ. ಹಣ ಕಳುಹಿಸಿದವರು ಹೆಸರು, ಊರು ತಿಳಿಸಿದರೆ ರಸೀದಿ ಅಂಚೆಯಲ್ಲಿ ಬರುತ್ತದೆ. ಹಣದ ಬದಲು ಫರ್ಶಿ, ಕಬ್ಬಿಣ ಕೊಡುವವರು, ಒಂದು ವಾರ ಬಂದು ಫೋಟೊ ತೆಗೆದುಕೊಡಬಲ್ಲ ಯುವಕರು ಇದ್ದರೆ ದಯವಿಟ್ಟು ಈ ತಿಂಗಳ ಕೊನೆಯೊಳಗೆ ತಿಳಿಸಿ. ಊಟ, ವಸತಿ ಮಠದಲ್ಲಿದೆ.

ವಿಶ್ವಸ್ತ ಮಂಡಳಿಯ ಪರವಾಗಿ,
ಕಾರ್ಯದರ್ಶಿ