ಬಂಪರ್ ಜೊತೆ ಅರ್ಧ ದುಡ್ಡೂ ಹೋಯಿತು

ಮಾನ್ಯರೇ,

ಹಿಂದಿನಿಂದ ವ್ಯಾನ್ ಗುದ್ದಿ ನನ್ನ ಕಾರಿನ ಬಂಪರ್ ಸೀಳಿತು. ಗಾಬರಿಯಲ್ಲಿ ನೇರ ಗ್ಯಾರೇಜಿಗೆ ಓಡಿದೆ. ಮೆಕ್ಯಾನಿಕ್ ಬಂಪರ್ ಬಿಚ್ಚಿಯೇಬಿಟ್ಟ. ಮರುದಿನ ಹಾನಿ ನೋಡಲು ಬಂದ ವಿಮೆ ಸರ್ವೇಯರ್, 'ಬಿಚ್ಚೋ ಮೊದಲು ಫೋಟೊ ತೆಗೆದಿದ್ರಾ?' ಅಂದರು. ಎಲ್ಲಿಂದ ತರಲಿ? ಹತ್ತು ದಿನ ಕಾರು ಸುಮ್ನೆ ಧೂಳು ತಿಂದಿತು.

ಕೊನೆಗೆ ಕ್ಲೇಮ್ ಪಾಸಾಯಿತು. ಆದರೆ ಪ್ಲಾಸ್ಟಿಕ್ ಭಾಗ, ಸವಕಳಿ (ಬಳಸಿದ ವಸ್ತುವಿನ ಬೆಲೆ ಇಳಿಕೆ) ಅಂತ ಶೇ 50 ಕಡಿತ. ಕ್ಲಿಪ್ಪು, ಸ್ಕ್ರೂಗಳಿಗೆ ಏನೂ ಇಲ್ಲ. ಇದೆಲ್ಲ ಪಾಲಿಸಿಯಲ್ಲೇ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಸ್ವಲ್ಪ ಜಾಸ್ತಿ ಕಟ್ಟಿದರೆ ಸವಕಳಿ ಕಡಿತವಿಲ್ಲದ ಪಾಲಿಸಿ ಸಿಗುತ್ತದೆ ಅಂತ ಮಾರುವಾಗ ಏಜೆಂಟ್ ಬಾಯಿ ಬಿಡಲಿಲ್ಲ. ಕ್ಲೇಮ್ ಮಾಡದಿದ್ದರೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅದೇ ನೋ ಕ್ಲೇಮ್ ಬೋನಸ್ಸೂ ಹೋಯಿತು ಅಲ್ವಾ! ಕಂಪನಿಗಳು ಈ ಕಡಿತಗಳನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಲಿ.

– ಕಾರು ಮಾಲೀಕರೊಬ್ಬರು