ಮೈಗಳ್ಳಿ ಎನ್ನುವ ಮೊದಲು ಕೊರಳು ನೋಡಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ 22 ವರ್ಷದಿಂದ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಿದ್ದೇನೆ. ಕಳೆದ ಶ್ರಾವಣದಲ್ಲಿ ಅಕ್ಕನ ಮಗಳು ಕಾಲರ್ ನೆಕ್ ಬ್ಲೌಸ್ ಬೇಕೆಂದು ಬಂದಳು. ಕೊರಳಿಗೆ ಟೇಪ್ ಸುತ್ತಿದಾಗ ಗಂಟಲ ಮುಂಭಾಗ ಉಬ್ಬಿದಂತೆ ಕಂಡಿತು. ಒಂದು ಲೋಟ ನೀರು ಕೊಟ್ಟೆ. ಒಂದೊಂದು ಗುಟುಕಿಗೂ ಆ ಉಬ್ಬು ಮೇಲೆ ಹೋಗಿ ಕೆಳಗಿಳಿಯಿತು.

ಅಷ್ಟರಲ್ಲಿ ವರ್ಷದಿಂದ ಅವಳಿಗೆ ಮನೆಯಲ್ಲಿ ‘ಮೈಗಳ್ಳಿ’ ಎಂಬ ಹೆಸರು ಬಿದ್ದಾಗಿತ್ತು. ನಮ್ಮೂರಿನ ಏಪ್ರಿಲ್ ಧಗೆಯಲ್ಲೂ ಫ್ಯಾನ್ ಆರಿಸಿ ಹೊದ್ದು ಮಲಗುತ್ತಿದ್ದಳು. ಊಟ ಕಮ್ಮಿ, ಮೈ ಮಾತ್ರ ಜಾಸ್ತಿ; ಅವಳ ಬ್ಲೌಸ್‌ಗಳ ಪಕ್ಕದ ಹೊಲಿಗೆಯನ್ನು ನಾನೇ ಎರಡು ಸಲ ಬಿಚ್ಚಿ ಅಗಲ ಮಾಡಿದ್ದೆ. ಒಂದು ಕ್ಲಿನಿಕ್‌ನಲ್ಲಿ ಮೂರು ಸಲ ಟಾನಿಕ್ ಬರೆದರೇ ಹೊರತು ರಕ್ತ ಪರೀಕ್ಷೆ ಮಾಡಿಸಿ ಎನ್ನಲಿಲ್ಲ. ‘ಬೇಗ ಏಳೋದು ಕಲಿಯಮ್ಮ’ ಎಂದು ನಾನೂ ಅಂದಿದ್ದೆ. ಅದು ಈಗಲೂ ಚುಚ್ಚುತ್ತದೆ.

ರಕ್ತ ಪರೀಕ್ಷೆ ಮಾಡಿಸಿದೆವು. ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡಲು ಹೇಳುವ ಟಿಎಸ್‌ಎಚ್ ಎಂಬ ಹಾರ್ಮೋನು 48 ಬಂತು. ಸಾಮಾನ್ಯರಲ್ಲಿ 4ರ ಆಸುಪಾಸು ದಾಟುವುದಿಲ್ಲ. ‘ಜಾಸ್ತಿ ಅಂದ್ರೆ ಥೈರಾಯ್ಡ್ ಜೋರಾಗಿ ಕೆಲಸ ಮಾಡ್ತೈತಿ ಅಂತಲ್ವಾ?’ ಎಂದು ಅಕ್ಕ ಕೇಳಿದಳು. ಡಾಕ್ಟರು ಬಿಡಿಸಿ ಹೇಳಿದರು: ಟಿಎಸ್‌ಎಚ್ ಹೊರಡುವುದು ಥೈರಾಯ್ಡ್‌ನಿಂದಲ್ಲ, ಮಿದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯಿಂದ. ಕೊರಳಿನ ಗ್ರಂಥಿ ಮೈಗೆ ಚುರುಕು ಕೊಡುವ ಥೈರಾಕ್ಸಿನ್ ಹಾರ್ಮೋನನ್ನು ಕಡಿಮೆ ಮಾಡಿದಷ್ಟೂ ಮೇಲಿನ ಗ್ರಂಥಿ ‘ಮಾಡು, ಮಾಡು’ ಎಂದು ಟಿಎಸ್‌ಎಚ್ ಹೆಚ್ಚು ಕಳಿಸುತ್ತದೆ. ನನಗೆ ಹೊಲಿಗೆ ಮೆಷಿನ್ ನೆನಪಾಯಿತು. ಬೆಲ್ಟ್ ಸಡಿಲವಾಗಿ ಮೇಲಿನ ಚಕ್ರ ತಿರುಗದಿದ್ದರೆ ನಾವು ಪೆಡಲನ್ನು ಇನ್ನೂ ಜೋರಾಗಿ ತುಳಿಯುತ್ತೇವೆ. ಅಯೋಡಿನ್ ಕೊರತೆಯಿಂದ ಹೀಗಾಯಿತು ಎನ್ನೋಣವೆಂದರೆ ಅಕ್ಕನ ಮನೆಯಲ್ಲಿ ಬಳಸುವುದು ಅಯೋಡಿನ್ ಉಪ್ಪೇ. ಮೈಯ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಗ್ರಂಥಿಯ ಮೇಲೆ ತಿರುಗಿಬಿದ್ದರೂ ಹೀಗಾಗುತ್ತದಂತೆ.

ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಥೈರಾಕ್ಸಿನ್ ಮಾತ್ರೆ, ಅರ್ಧ ತಾಸು ಬಿಟ್ಟು ಕಾಫಿ. ಹುಡುಗಿ ಚೇತರಿಸಿಕೊಂಡಿದ್ದಾಳೆ. ‘ಈ ವಯಸ್ಸಿಗೇ ಮಾತ್ರೆ ಅಂದ್ರೆ ಮದುವೆ ಹೆಂಗೆ’ ಎಂದು ಬಿಡಿಸಲು ಬಂದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿನ ಬೆಳವಣಿಗೆಗೆ ತಾಯಿಯ ಥೈರಾಕ್ಸಿನ್ನೇ ಆಧಾರ.

ಅವಳ ಕಾಲೇಜಿನ ಶಿಬಿರದಲ್ಲಿ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದ್ದರು, ಸರಿಯಿದೆ ಎಂದು ಕಳಿಸಿದ್ದರು. ಹಿಮೋಗ್ಲೋಬಿನ್ ಸರಿಯಿದ್ದೂ ಸುಸ್ತು ಎನ್ನುವ ಹುಡುಗಿಯರಿಗೆ ಟಿಎಸ್‌ಎಚ್ ಪರೀಕ್ಷೆಯನ್ನೂ ಉಚಿತವಾಗಿ ಮಾಡಿಸುವ ಏರ್ಪಾಡನ್ನು ಆರೋಗ್ಯ ಇಲಾಖೆ ಮಾಡಬೇಕೆಂದು ಕೈಮುಗಿದು ಕೇಳುತ್ತೇನೆ.

– ಓದುಗಳಾದ ಒಬ್ಬ ಟೈಲರ್, ನಿಟುವಳ್ಳಿ, ದಾವಣಗೆರೆ