ಬಹುಭುಜಗಳ ಪಾಠ ನೆಲದ ಮೇಲೆ ನಡೆಯಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನ ಹತ್ತಿರವಾಗುತ್ತಿದ್ದಂತೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಅನೇಕ ಶಾಲೆಗಳಲ್ಲಿ ವಸ್ತುಪ್ರದರ್ಶನದ ತಯಾರಿ ಶುರುವಾಗುತ್ತದೆ. ಪೋಷಕರೇ ಥರ್ಮೊಕೋಲ್ ಕತ್ತರಿಸಿ, ಬಣ್ಣ ಹಚ್ಚಿ ಕೊಟ್ಟ ಮಾದರಿಯ ಮುಂದೆ ನಿಂತು ಮಕ್ಕಳು ಕಂಠಪಾಠ ಒಪ್ಪಿಸುವುದನ್ನು ಕಂಡು ಬೇಸರಪಟ್ಟಿರುವ ನಿವೃತ್ತ ಗಣಿತ ಶಿಕ್ಷಕಿ ನಾನು. ಈ ಸಲ ಪ್ರತಿ ಶಾಲೆಯೂ ಒಂದು ಮೇಜನ್ನಾದರೂ ಟೆಸಲೇಷನ್‌ಗೆ, ಅಂದರೆ ನಡುವೆ ಸಂದು ಬಿಡದೆ, ಒಂದರ ಮೇಲೊಂದು ಏರದೆ ಬಹುಭುಜಗಳನ್ನು ಜೋಡಿಸಿ ಸಮತಲವನ್ನು ತುಂಬುವ ವಿದ್ಯೆಗೆ ಮೀಸಲಿಡಬೇಕೆಂಬುದು ನನ್ನ ಕೋರಿಕೆ.

ಬಾಹುಗಳ ಸಂಖ್ಯೆಯಲ್ಲಿ ಎರಡನ್ನು ಕಳೆದು 180ರಿಂದ ಗುಣಿಸಿದರೆ ಒಳಕೋನಗಳ ಮೊತ್ತ ಸಿಗುತ್ತದೆ ಎಂದು ನಮ್ಮ ಮಕ್ಕಳು ಥಟ್ಟನೆ ಹೇಳುತ್ತಾರೆ. ಆ ಸೂತ್ರದಿಂದ ಏನು ತಿಳಿಯುತ್ತದೆ ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಒಂದು ಬಿಂದುವಿನ ಸುತ್ತ ಇರುವುದು 360 ಡಿಗ್ರಿ. ಸಮಬಾಹು ತ್ರಿಭುಜದ 60 ಡಿಗ್ರಿಯ ಮೂಲೆಗಳು ಆರು, ಚೌಕದ 90ರವು ನಾಲ್ಕು, ನಿಯಮಿತ (ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮವಾದ) ಷಡ್ಭುಜದ 120ರವು ಮೂರು ಸೇರಿದರೆ ಆ ಸುತ್ತು ಸರಿಯಾಗಿ ತುಂಬುತ್ತದೆ. ನಿಯಮಿತ ಪಂಚಭುಜದ ಮೂಲೆ 108 ಡಿಗ್ರಿ. ಮೂರನ್ನು ಕೂಡಿಸಿದರೆ 36 ಡಿಗ್ರಿಯ ಸಂದು ಉಳಿಯುತ್ತದೆ, ನಾಲ್ಕನೆಯದು ಹಿಡಿಸುವುದಿಲ್ಲ. ಬಾಹುಗಳು ಆರನ್ನು ಮೀರಿದರೆ ಮೂಲೆಯೇ 120ಕ್ಕಿಂತ ಹೆಚ್ಚಾಗುವುದರಿಂದ ಮೂರಕ್ಕೂ ಜಾಗವಿರುವುದಿಲ್ಲ. ಹೀಗೆ, ಒಂದೇ ಬಗೆಯ ನಿಯಮಿತ ಬಹುಭುಜದಿಂದ ನೆಲ ತುಂಬಲು ಮೂರೇ ದಾರಿ ಎಂಬ ತೀರ್ಮಾನಕ್ಕೆ ಎಂಟನೇ ತರಗತಿಯ ಮಗು ಯಾರ ನೆರವೂ ಇಲ್ಲದೆ ಬರಬಲ್ಲದು. ಎರಡು ಅಷ್ಟಭುಜಗಳ ನಡುವೆ ಪುಟ್ಟ ಚೌಕ ಕೂರಿಸಿದ ನೆಲಹಾಸನ್ನು ನೋಡಿದವರು 135, 135, 90 ಎಂದು ಲೆಕ್ಕ ಹಾಕಿಕೊಳ್ಳಬಹುದು. ಪ್ರತಿ ಮೂಲೆಯಲ್ಲೂ ಒಂದೇ ಕ್ರಮ ಬರುವಂತೆ ಬೇರೆ ಬೇರೆ ನಿಯಮಿತ ಬಹುಭುಜಗಳನ್ನು ಬೆರೆಸುವ ಇಂಥ ವಿನ್ಯಾಸಗಳು ಎಂಟೇ ಎಂಬುದನ್ನು ಖಗೋಳ ವಿಜ್ಞಾನಿ ಕೆಪ್ಲರ್ 1619ರಲ್ಲೇ ಗುರುತಿಸಿದ್ದರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಚತುರ್ಭುಜದ ಪ್ರಯೋಗ. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಹೇಗೆಂದರೆ ಹಾಗೆ ಒಂದು ಸೊಟ್ಟ ಚತುರ್ಭುಜ ಕತ್ತರಿಸಿ, ನಾಲ್ಕು ಮೂಲೆಗಳಿಗೆ ನಾಲ್ಕು ಬಣ್ಣ ಹಚ್ಚಿ. ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಆಮೇಲೆ ಒಂದು ಬಾಹುವಿನ ಮಧ್ಯಬಿಂದುವಿನ ಮೇಲೆ ಅದನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಗೆರೆ ಎಳೆಯಿರಿ. ಹಾಗೆಯೇ ಉಳಿದ ಬಾಹುಗಳ ಮೇಲೂ ಮಾಡುತ್ತ ಹೋಗಿ. ಹಾಳೆ ತುಂಬಿದಾಗ ಎಲ್ಲೂ ಸಂದಿರುವುದಿಲ್ಲ, ಮೂಲೆಗಳು ಕೂಡುವಲ್ಲೆಲ್ಲ ನಾಲ್ಕೂ ಬಣ್ಣಗಳು ಇರುತ್ತವೆ. ಚತುರ್ಭುಜದ ಕೋನಗಳ ಮೊತ್ತ 360 ಆಗಿರುವುದರ ಫಲವಿದು. ಒಂದು ಮೂಲೆ ಒಳಕ್ಕೆ ತಗ್ಗಿದ ಬಾಣದ ಮೊನೆಯಂಥ ಆಕೃತಿಯೂ ಹೀಗೆಯೇ ಕೂಡುತ್ತದೆ ಎಂದರೆ ಮಕ್ಕಳು ಮೊದಲು ನಂಬುವುದೇ ಇಲ್ಲ. ಮಾಡಿ ನೋಡಿದ ಮೇಲೆ ಬಿಡುವುದೂ ಇಲ್ಲ.

ನಿಯಮಿತವಲ್ಲದ ಪಂಚಭುಜಗಳ ಕಥೆಯನ್ನಂತೂ ನಮ್ಮ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ನೆಲ ತುಂಬುವ ಪೀನ, ಅಂದರೆ ಯಾವ ಮೂಲೆಯೂ ಒಳಕ್ಕೆ ತಗ್ಗದ, ಪಂಚಭುಜಗಳ ಐದು ಬಗೆಗಳನ್ನು 1918ರಲ್ಲಿ ಗಣಿತಜ್ಞ ಕಾರ್ಲ್ ರೈನ್‌ಹಾರ್ಟ್ ಕೊಟ್ಟರು. 1968ರಲ್ಲಿ ರಿಚರ್ಡ್ ಕರ್ಷ್ನರ್ ಇನ್ನೂ ಮೂರನ್ನು ಸೇರಿಸಿ, ಪಟ್ಟಿ ಮುಗಿಯಿತೆಂದರು. ಮುಗಿದಿರಲಿಲ್ಲ. 1975ರಲ್ಲಿ ಜನಪ್ರಿಯ ಗಣಿತ ಲೇಖಕ ಮಾರ್ಟಿನ್ ಗಾರ್ಡ್ನರ್ ಅವರ ಅಂಕಣದಲ್ಲಿ ಈ ವಿಷಯ ಓದಿದ ಅಮೆರಿಕದ ಗೃಹಿಣಿ ಮಾರ್ಜರಿ ರೈಸ್, ಪ್ರೌಢಶಾಲೆಯ ಗಣಿತದಾಚೆ ಏನೂ ಓದಿರದಿದ್ದರೂ ತಮ್ಮದೇ ಸಂಕೇತಗಳನ್ನು ರೂಪಿಸಿಕೊಂಡು, ಮನೆಗೆಲಸದ ನಡುವೆ ಚಿತ್ರ ಬಿಡಿಸುತ್ತ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದರು. 15ನೆಯದು 2015ರಲ್ಲಿ ಸಿಕ್ಕಿತು. ಇರುವುದು ಅಷ್ಟೇ ಎಂದು 2017ರಲ್ಲಿ ಮಿಷೆಲ್ ರಾವ್ ಕಂಪ್ಯೂಟರಿನ ನೆರವಿನಿಂದ ಸಾಧಿಸಿದರು. ಈಚೆಗೆ, 2023ರಲ್ಲಿ ಪ್ರಕಟವಾದ, ಎಂದೂ ಪುನರಾವರ್ತನೆಯಾಗದಂತೆ ಮಾತ್ರ ಸಮತಲವನ್ನು ತುಂಬುವ 13 ಬಾಹುಗಳ ಟೋಪಿಯಾಕಾರವನ್ನು ಮೊದಲು ಕಂಡವರೂ ಹವ್ಯಾಸಿಯೇ, ಇಂಗ್ಲೆಂಡಿನ ಡೇವಿಡ್ ಸ್ಮಿತ್.

ಇದಕ್ಕೆ ಅನುದಾನ ಬೇಕಿಲ್ಲ. ದಾವಣಗೆರೆಯ ಶಿಕ್ಷಕರು ಮಕ್ಕಳನ್ನು ಇಂಟರ್‌ಲಾಕ್ ಹಾಕಿದ ಪಾದಚಾರಿ ಮಾರ್ಗಕ್ಕೆ ಕರೆದೊಯ್ದು, ಅಲ್ಲಿನ ಆಕೃತಿಗಳನ್ನು ಹಾಳೆಗೆ ಇಳಿಸಲು ಹೇಳಬಹುದು. ಚಿತ್ರದುರ್ಗದವರಿಗೆ ಕೋಟೆಯೇ ಇದೆ: ಕೆಳಗಿನ ಕಲ್ಲಿನ ಅಂಚಿನ ಮೇಲೆ ಎರಡು ಚೌಕಾಕಾರದ ಕಲ್ಲುಗಳ ಮೂಲೆಗಳು ಕೂಡಿರುವ ಕಡೆಯಲ್ಲಿ 90, 90 ಮತ್ತು 180 ಸೇರಿ 360 ಆಗುವುದನ್ನು ಕೈಯಿಟ್ಟು ತೋರಿಸಬಹುದು.

ಕ್ಷೇತ್ರ ಶಿಕ್ಷಣಾಧಿಕಾರಿಗಳು ಪ್ರದರ್ಶನದ ತೀರ್ಪುಗಾರರಿಗೆ ಒಂದು ಸೂಚನೆ ಕೊಟ್ಟರೆ ಸಾಕು: ಮಗು ನಿಮ್ಮೆದುರೇ ರಟ್ಟು ಕತ್ತರಿಸಿ, ಜೋಡಿಸಿ, ಯಾಕೆ ಕೂಡಿತು ಅಥವಾ ಯಾಕೆ ಕೂಡಲಿಲ್ಲ ಎಂದು ವಿವರಿಸಲಿ, ಅಂಕ ಅದಕ್ಕೆ ಸಲ್ಲಲಿ, ಥರ್ಮೊಕೋಲಿನ ಅಂದಕ್ಕಲ್ಲ.

— ನಿವೃತ್ತ ಗಣಿತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ